ಒಂಬತ್ತನೇ ನಂಬರಿನ ಡಬ್ಬಿ

ಹೊಟ್ಟೆ ಕಾಣಿಸಿಕೊಂಡ ಹುಡುಗಿಯನ್ನು ಧನರಾಜ ಶೇಠರು ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹೋದ ವರ್ಷ ಒಬ್ಬಳನ್ನು ನಾಲ್ಕನೇ ತಿಂಗಳಿಗೇ ಮನೆಗೆ ಕಳಿಸಿದ್ದರು. ಅದಕ್ಕೇ ಬಸವೇಶ್ವರಿ ಐದು ತಿಂಗಳು ತುಂಬುವವರೆಗೂ ಅಂಗಡಿಯ ನೀಲಿ ಕೋಟನ್ನು ಗುಂಡಿ ಹಾಕದೆ ಸಡಿಲಾಗಿ ಇಳಿಬಿಟ್ಟುಕೊಂಡು ತಿರುಗಿದಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಹುಡುಗಿಯರಿಗೆ ಕೂಡಲು ಒಂದು ಸ್ಟೂಲು ಕೂಡ ಇಲ್ಲ. ವಾಂತಿ ಬಂದರೆ ಮೇಲಿನ ಮಾಳಿಗೆಗೆ ಓಡಿ ಬರುತ್ತಿದ್ದಳು. ನಾನು ತಂಬಿಗೆಯಲ್ಲಿ ನೀರು ಕೊಟ್ಟು, ಯಾರೂ ಬಾರದಂತೆ ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದೆ.

ನನ್ನ ಹೆಸರು ಸರಸ್ವತಿಬಾಯಿ. ಗಡಿಯ ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು. ಮರಾಠಿ ಸೀಮೆಯ ಉಮರ್ಗಾದ ಹೈವೇ ಮೇಲಿನ ಆ ಅಂಗಡಿಯಲ್ಲಿ ಆರು ವರ್ಷ ಕಸ ಹೊಡೆದೆ, ಚಹಾ ತಂದೆ, ಮಾಳಿಗೆಯಿಂದ ಮಾಲು ಇಳಿಸಿದೆ. ಎಳೆಗೂಸಿನ ಸಾಮಾನಿನ ಅಂಗಡಿ ಅದು. ಎದುರಿಗೇ ಒಂದು ಖಾಸಗಿ ಹೆರಿಗೆ ಆಸ್ಪತ್ರೆ. ನಡುವೆ ರಸ್ತೆ ಮಾತ್ರ.

ಒಂದು ಮಧ್ಯಾಹ್ನ ಶೇಠರು ಗಲ್ಲಾದ ಹಿಂದಿನಿಂದಲೇ ಬಸವೇಶ್ವರಿಯನ್ನು ಕರೆದರು.

"ಕಿತವಾ ಮಹಿನಾ?" ಎಂದರು. ಎಷ್ಟನೇ ತಿಂಗಳು ಎಂದು.

ಅವಳು ತಲೆ ತಗ್ಗಿಸಿದಳು. "ಐದ್ರಿ ಶೇಠ. ಒಂಬತ್ತ ಆಗೋತನಕ ಮಾಡ್ತೀನ್ರಿ. ಕೆಲಸಕ್ಕ ಕಮ್ಮಿ ಮಾಡಂಗಿಲ್ಲ."

"ಪಹಿಲಂ?"

"ಹೌದ್ರಿ. ಮೊದಲ್ನೇದು."

ಶೇಠರು ನಕ್ಕರು. "ಮತ್ತ ಕೋಟಿನಾಗ ಯಾಕ ಮುಚಗೋತಿ? ಅದನ್ನ ಹಿಂದ ಸರಸಿ ಹಾಕ್ಕೋ. ನಾಳಿಂದ ಹಿಂದಿನ ಕೌಂಟರ್ ಬ್ಯಾಡ, ಬಾಗಲ ಮುಂದ ನಿಂದ್ರು. ಗಿರಾಕಿಗಿ ಹೇಳು, ನಂದೂ ಪಹಿಲಂ ಅದ, ನಾ ಬೀ ಇದೇ ತಗೊಂಡೀನಿ ಅಂತ."

ಕೆಲಸ ಉಳಿಯಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು. ನನಗೂ ಆಯಿತು. ಆ ಹೊಟ್ಟೆಯನ್ನು ಶೇಠರು ಕೆಲಸಕ್ಕೆ ಹಚ್ಚುತ್ತಿದ್ದಾರೆ ಎಂಬುದು ಆಗ ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ಎದುರಿನ ಆಸ್ಪತ್ರೆಯಲ್ಲಿ ತಪಾಸಣೆಗೆ ಬಂದ ಬಸುರಿಯರಿಗೆಲ್ಲ ನರ್ಸು ಒಂದು ಗುಲಾಬಿ ಬಣ್ಣದ ಕಾಗದ ಕೊಡುತ್ತಿದ್ದಳು. ಹೆರಿಗೆಗೆ ಬರುವ ಮೊದಲು ಕೊಂಡಿಡಬೇಕಾದ ಸಾಮಾನಿನ ಯಾದಿ. ಕೂಸಿನ ಮೈಗೆ ಝಬಲೆ, ತಲೆಗೆ ಕುಲಾಯಿ, ಹೊದಿಸಲು ದುಪಟಿ, ರಬ್ಬರ್ ಶೀಟು, ಪೌಡರು, ಎಣ್ಣೆ, ಟಬ್ಬು, ಆಡಿಸಲು ಗಿಲಕಿ, ಹೀಗೆ ಮೂವತ್ನಾಲ್ಕು ನಂಬರು. ಕಾಗದದ ಬೆನ್ನಿಗೆ ನಮ್ಮ ಅಂಗಡಿಯ ವಿಳಾಸ. ಯಾದಿಯಲ್ಲಿ ಒಂಬತ್ತನೇ ನಂಬರಿನ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ಬರೀ ಚುಕ್ಕಿಗಳು.

ಒಂಬತ್ತು ಎಂದರೆ ಹಾಲಿನ ಪುಡಿಯ ಡಬ್ಬಿ, ಜೊತೆಗೆ ಬಾಟಲಿ. ಹುಟ್ಟುವ ಕೂಸಿಗೆ ಡಬ್ಬಿ ಹಾಲು ತಗೊಳ್ಳಿ ಎಂದು ಬರೆದುಕೊಡುವುದು ಕಾಯ್ದೆಗೆ ವಿರುದ್ಧವಂತೆ. ಅದಕ್ಕೇ ಬರೆಯುತ್ತಿರಲಿಲ್ಲ. ನರ್ಸು ಆ ಚುಕ್ಕಿಗಳ ಮೇಲೆ ಬೆರಳಿಟ್ಟು, ಇದೇನೆಂದು ಅಂಗಡಿಯಲ್ಲಿ ಹೇಳುತ್ತಾರೆ ಎನ್ನುತ್ತಿದ್ದಳು. ಅಂಗಡಿಯಲ್ಲಿ ನಾವು ಹೇಳುತ್ತಿದ್ದೆವು.

ಶೇಠರು ಹುಡುಗಿಯರಿಗೆ ಕಲಿಸಿದ್ದ ಪಾಠ ಇದೊಂದೇ. "ಬಡವರು ಬಂದ್ರ ಬಾಕಿ ಏನ ಬಿಟ್ರೂ ಬಿಡ್ಲಿ. ಒಂಬತ್ತ ಬಿಡಬಾರ್ದು. ಟೋಪಿ ಒಮ್ಮಿ ಮಾರ್ತದ. ಡಬ್ಬಿ ಎಂಟ ದಿನಕ್ಕೊಮ್ಮಿ ಮಾರ್ತದ."

ಅದೇ ವಾರ ಶುಭಾಂಗಿ, ಪಂಡಿತ ಬಂದರು. ಗಂಡ ಹೆಂಡತಿ. ಕಾಸಾರಶಿರಸಿಯ ಹತ್ತಿರದ ಹಳ್ಳಿಯವರು. ಮನೆಗೆ ಒಂದೂವರೆ ಎಕರೆ ಹೊಲ. ಪಂಡಿತ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವನ ಅಂಗಿಯ ಹೆಗಲು ಚೀಲ ಹೊತ್ತು ಹೊತ್ತು ಜಾಳಾಗಿತ್ತು. ಶುಭಾಂಗಿಗೆ ಒಂಬತ್ತರಲ್ಲಿ. ಅವಳನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂಡಿಸಿ, ಪಂಡಿತ ಆ ಕಾಗದವನ್ನು ಒಂದೊಂದೇ ನಂಬರು ಓದಿದ.

"ಟಬ್ಬು."

"ಬ್ಯಾಡ. ಮನ್ಯಾಗ ಹಿತ್ತಾಳಿ ಪರಾತ ಅದ."

"ಪೌಡರ."

"ಬ್ಯಾಡ. ಅತ್ತಿ ಕಡ್ಲಿಹಿಟ್ಟ ಹಚ್ಚಿ ಎರೀತೀನಿ ಅಂದಾರ."

"ಗಿಲಕಿ."

ಶುಭಾಂಗಿ ಸ್ವಲ್ಪ ತಡೆದಳು. "ಅದೊಂದ ಇರ್ಲಿ."

ಪಂಡಿತ ನಕ್ಕ. "ಕೂಸು ಇನ್ನಾ ಬಂದಿಲ್ಲ, ಆಟಾ ಮೊದಲ."

ಮುಂದೆ ದುಪಟಿ. ಬಸವೇಶ್ವರಿ ನಾಲ್ಕು ತೆಗೆದು ಹರಡಿದಳು. ಅದರಲ್ಲೊಂದು ಹಳದಿ ಉಣ್ಣೆಯದು. ಶುಭಾಂಗಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೈಯಾಡಿಸಿದಳು. ಥಂಡಿ ಶುರುವಾಗಿತ್ತು. ತಗಡಿನ ಪತ್ರಾಸ್ ಮನೆಯಲ್ಲಿ ಕೂಸಿಗೆ ಚಳಿಯಾಗುತ್ತದೆ ಎಂದಳು. ಪಂಡಿತ ಹೂಂ ಎಂದ. ಆಮೇಲೆ ಮೆಲ್ಲಗೆ, "ಅವ್ವ ಖಾರೀಕ, ಡಿಂಕ, ತುಪ್ಪಾ ತಾ ಅಂದಾಳ. ಬಾಣಂತಿಗಿ ಬೇಕಂತ. ಅದಕ್ಕ ಉಳಸಬೇಕು," ಎಂದ.

"ಹಂಗಾರ ದುಪಟಿ, ಗಿಲಕಿ, ನಾಕ ಝಬಲೆ, ರಬ್ಬರ ಶೀಟು. ಮುಗೀತು," ಎಂದಳು ಶುಭಾಂಗಿ. ಲೆಕ್ಕ ಸರಿಯಾಗಿಯೇ ಇತ್ತು. ಓದು ಬಾರದ ನಮ್ಮ ಅತ್ತೆ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದಳು.

ಶೇಠರು ಗಲ್ಲಾದಿಂದ ಕೆಮ್ಮಿದರು.

ಬಸವೇಶ್ವರಿ ಒಂದು ಹೆಜ್ಜೆ ಮುಂದೆ ಬಂದಳು. "ಅಕ್ಕಾ, ಒಂಬತ್ತ ಬಿಡಬ್ಯಾಡ್ರಿ."

"ಅಲ್ಲಿ ಏನೂ ಬರ್ದಿಲ್ಲಲ್ರಿ?"

"ಡಬ್ಬಿ ಹಾಲು. ದವಾಖಾನಿ ಒಳಗ ಕೇಳ್ತಾರ. ಇಲ್ಲಂದ್ರ ಬೈತಾರ."

ಪಂಡಿತ ಬೆಲೆ ಕೇಳಿದ. ಕೇಳಿ ಹೆಂಡತಿಯ ಕಡೆ ನೋಡಿದ. ಶುಭಾಂಗಿ ಬಸವೇಶ್ವರಿಯ ಹೊಟ್ಟೆಯನ್ನು ನೋಡಿದಳು, ಆಮೇಲೆ ಮುಖವನ್ನು. "ನೀವೂ ತಗೊಂಡೀರೇನು?"

"ಹೌದ್ರಿ. ತಂದು ಇಟ್ಟೀನಿ."

ಅದು ಸುಳ್ಳು. ಅವಳ ಮನೆಯಲ್ಲಿ ಕೂಸಿಗೆಂದು ಒಂದು ದಾರದೆಳೆಯೂ ಬಂದಿರಲಿಲ್ಲ. ಆದರೆ ಆ ಮಾತು ಸಾಕಾಯಿತು. ಶುಭಾಂಗಿ ಹಳದಿ ದುಪಟಿಯನ್ನು ಮೊದಲಿನ ಹಾಗೆಯೇ ನೀಟಾಗಿ ಮಡಚಿ ಕೌಂಟರಿನ ಮೇಲಿಟ್ಟಳು. ಗಿಲಕಿಯನ್ನೂ ಇಟ್ಟಳು. ಖಾರೀಕ, ತುಪ್ಪಕ್ಕೆಂದು ಉಳಿಸಿದ ದುಡ್ಡು ಡಬ್ಬಿಗೆ ಹೋಯಿತು. ಡಬ್ಬಿಯನ್ನು ಮಾಳಿಗೆಯಿಂದ ಇಳಿಸಿ ತಂದವಳು ನಾನೇ.

ಆಮೇಲೆ ಪಂಡಿತ ಮೂರು ಸಲ ಒಬ್ಬನೇ ಬಂದ. ಪ್ರತಿ ಸಲವೂ ಒಂದು ಡಬ್ಬಿ. ಮೊದಲನೇ ಸಲ ಗಂಡು ಕೂಸು ಎಂದು ಎಲ್ಲರಿಗೂ ಪೇಢೆ ಕೊಟ್ಟ. ಮೂರನೇ ಸಲ ಬಂದಾಗ ದುಡ್ಡನ್ನು ಎರಡೆರಡು ಸಲ ಎಣಿಸಿ ಕೊಟ್ಟ. ಆಮೇಲೆ ಬರಲೇ ಇಲ್ಲ.

ಬಸವೇಶ್ವರಿಯ ಮಾವ ಗುರುಸಿದ್ಧಯ್ಯನವರು ಜಂಗಮರು. ಸುತ್ತಿನ ಊರುಗಳಲ್ಲಿ ಭಕ್ತರ ಮನೆಯ ಪೂಜೆ, ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು, ಸತ್ತವರಿಗೆ ಮಣ್ಣು ಕೊಡುವುದು ಅವರ ಕೆಲಸ. ಗಂಡ ಸೋಮೇಶ್ವರ ಅಪ್ಪನ ಜೊತೆ ಪೂಜೆಗೂ ಹೋಗುತ್ತಿದ್ದ, ಉಳಿದ ದಿನ ಬೇರೆಯವರ ಟೆಂಪೋ ಹೊಡೆಯುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಬಸವೇಶ್ವರಿಗೆ ಏಳು ತುಂಬಿತ್ತು. ಪಾದ ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಬೆರಳಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ಒಂದು ಬೆಳಿಗ್ಗೆ ಮಾಳಿಗೆಗೆ ಬಂದವಳು ಗೋಡೆ ಹಿಡಿದು ನಿಂತಳು.

"ಮಾವಶಿ," ಎಂದಳು. ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಿದ್ದರು. "ನಮ್ಮ ಮಾವನೋರು ನಿನ್ನಿ ಕಾಸಾರಶಿರಸಿ ಕಡಿ ಹೋಗಿದ್ರು. ನಲವತ್ತ ದಿನದ ಕೂಸು. ತಾವೇ ಲಿಂಗಾ ಕಟ್ಟಿದ್ರು, ತಾವೇ ಮಣ್ಣ ಕೊಟ್ಟ ಬಂದಾರ. ಬಂದು ಊಟ ಮಾಡ್ಲಿಲ್ಲ. ಕೂಸಿನ ಕೈ ಕಡ್ಡಿ ಆಗಿತ್ತು ಅಂದ್ರು."

"ಯಾರ ಮನಿ ಕೂಸವ್ವಾ?"

"ಪಂಡಿತ ಅಂತ. ಹಮಾಲಿ ಮಾಡ್ತಾನಂತ." ಅವಳು ನನ್ನ ಮುಖ ನೋಡಲಿಲ್ಲ. "ಹಳದಿ ದುಪಟಿ ಬಿಟ್ಟ ಹೋದ್ರಲ್ಲ, ಅವರೇ ಏನು?"

ಕೆಳಗಿನಿಂದ ಶೇಠರು ಕೂಗಿದರು. ಇಬ್ಬರೂ ಇಳಿದು ಹೋದೆವು.

ಹದಿನೈದು ದಿನದ ಮೇಲೆ ಪಂಡಿತನ ಅವ್ವ ಶೇವಂತಾಬಾಯಿ ಅಂಗಡಿಗೆ ಬಂದಳು. ತಲೆಯ ಮೇಲೆ ಸೆರಗು ಹೊದ್ದ, ಒಣಗಿದ ಮೈಯ ಮುದುಕಿ. ಕೈಚೀಲದಿಂದ ಒಂದೊಂದಾಗಿ ತೆಗೆದು ಕೌಂಟರಿನ ಮೇಲೆ ಜೋಡಿಸಿದಳು. ಒಂದು ಬಾಟಲಿ. ಒಡೆಯದ ಒಂದು ಡಬ್ಬಿ. ತೊಡಿಸದ ಎರಡು ಝಬಲೆ.

"ಇವು ತಿರಗಾ ತಗೋರಿ," ಎಂದಳು. "ಡಬ್ಬಿ ಬಿಚ್ಚಿಲ್ಲ. ನಮ್ಮ ಸೊಸಿಗಿ ಔಷಧ ತರಬೇಕಾಗ್ಯದ."

ಶೇಠರು ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಮಾರಿದ ಮಾಲು ಹಿಂದಕ್ಕಿಲ್ಲ. "ಆಜಿ, ಎಲ್ಲಾರೂ ಹಿಂಗ ತಂದ್ರ ನಾ ದುಕಾನ ಹ್ಯಾಂಗ ನಡಸ್ಲಿ?"

"ಎಲ್ಲಾರ ಕೂಸು ಸಾಯಂಗಿಲ್ಲಲ್ರಿ," ಎಂದಳು ಶೇವಂತಾಬಾಯಿ.

ಸಿಟ್ಟು ಮಾಡಿ ಹೇಳಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದಳು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಶೇಠರು ಗಲ್ಲಾ ಬಿಟ್ಟು ಎದ್ದು ಬಂದರು. "ಏನಾಗಿತ್ತು ಕೂಸಿಗಿ?"

"ಹುಟ್ಟಿದ ದಿನಾನೇ ಒಳಗ ಒಯ್ದು ಬಾಟ್ಲಿ ಹಚ್ಚಿದ್ರು. ಮನಿಗಿ ಬಂದ ಮ್ಯಾಲೂ ಅದೇ. ಡಬ್ಬಿ ಎಂಟ ದಿನಕ್ಕ ಮುಗೀತು. ನಮ್ಮ ಪಂಡಿತ ಎಲ್ಲಿಂದ ತರಬೇಕ್ರಿ? ನಾಕ ಚಮಚಿ ಹಾಕೂ ಜಾಗಾದಾಗ ಎರಡ ಹಾಕಿದೇವು. ಆಮ್ಯಾಲ ಒಂದ. ನೀರು ತುಂಬಿಟ್ಟ ಹೌದಿಂದು. ಕೂಸು ಕುಡೀತಿತ್ತು, ಹೊಟ್ಟಿ ತುಂಬ್ಯಾದ ಅಂತ ಮಾಡಿದೇವು. ಆಮ್ಯಾಲ ಭೇದಿ ಹತ್ತಿತು. ಇದೊಂದ ಡಬ್ಬಿ ಅಂವಾ ಸಾಲಾ ಮಾಡಿ ತಂದಿದ್ದ. ತಂದ ದಿನಾನೇ ಹೋತು."

"ಮತ್ತ ನೀರು ಕಾಸಬೇಕಿತ್ತು," ಎಂದರು ಶೇಠರು. "ಡಬ್ಬಿ ಮ್ಯಾಲ ಬರ್ದದ."

ಶೇವಂತಾಬಾಯಿ ಡಬ್ಬಿಯನ್ನು ತಿರುಗಿಸಿ ನೋಡಿದಳು. ಇಂಗ್ಲಿಷಿನಲ್ಲಿತ್ತು. ಆಕೆಗೆ ಮರಾಠಿಯೂ ಓದಲು ಬರುತ್ತಿರಲಿಲ್ಲ.

"ಇದು ಬೇಕೇ ಬೇಕು ಅಂತ ನಮ್ಮ ಸೊಸಿಗಿ ಯಾರೋ ಹುಡುಗಿ ಹೇಳಿದಳಂತ," ಎಂದಳು. "ಆಕಿನೂ ಬಸರಿ ಇದ್ದಳಂತ. ಅದಕ್ಕೇ ನಂಬಿದೆ ಅಂದಿದ್ದಳು."

ಬಸವೇಶ್ವರಿ ಬಾಗಿಲ ಹತ್ತಿರ ನಿಂತಿದ್ದಳು. ಸುಮ್ಮನಿದ್ದರೆ ನಡೆಯುತ್ತಿತ್ತು. ಮುದುಕಿಗೆ ಕಣ್ಣು ಅಷ್ಟು ಕಾಣುತ್ತಿರಲಿಲ್ಲ.

"ನಾನೇ ಹೇಳಿದ್ದೆನ್ರಿ," ಎಂದಳು.

ಶೇವಂತಾಬಾಯಿ ಹತ್ತಿರ ಬಂದು ಅವಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. "ನೀ ತಗೋಬ್ಯಾಡ ಯವ್ವಾ," ಎಂದಳು. ಸಾಮಾನನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು.

ಮರುದಿನವೇ ಶೇಠರು ಬಸವೇಶ್ವರಿಗೆ ಪೂರಾ ಮೂವತ್ನಾಲ್ಕು ನಂಬರಿನ ಸೆಟ್ಟು ಪುಕ್ಕಟೆ ಕೊಟ್ಟರು. ದೊಡ್ಡ ಚೀಲ, ಮೇಲೆ ಕೆಂಪು ರಿಬ್ಬನ್ನು. "ನಮ್ಮ ಮನಿ ಪೋರಿ ನೀ," ಎಂದರು. ಚೀಲ ಹಿಡಿಸಿ, ನಗು ಎಂದು ಹೇಳಿ ಫೋಟೋ ತೆಗೆಸಿದರು. ಅವಳು ನಕ್ಕಳು. ಬೇಡ ಎಂದಿದ್ದರೆ ಆ ದಿನವೇ ಕೆಲಸ ಹೋಗುತ್ತಿತ್ತು. ಹೆರಿಗೆಯ ತಿಂಗಳುಗಳ ಖರ್ಚಿಗೆ ಇವಳ ಪಗಾರವೊಂದೇ ಆಸರೆ.

ಆ ಸೆಟ್ಟು ಮನೆಗೆ ಹೋದ ಮೇಲೆ ಏನಾಯಿತೆಂದು ಅವಳೇ ಹೇಳಿದಳು. ಸೋಮೇಶ್ವರ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ ನೋಡಿದನಂತೆ. ಅವನ ಮನೆಯಲ್ಲಿ ಹೊಸ ಸಾಮಾನು ಹಾಗೆ ಒಟ್ಟಿಗೆ ಬಂದದ್ದು ಅದೇ ಮೊದಲು. ಅವಳು ಡಬ್ಬಿಯನ್ನೂ ಬಾಟಲಿಯನ್ನೂ ಎತ್ತಿ ಬಾಗಿಲ ಹೊರಗೆ ಇಟ್ಟಳು.

"ಪುಕ್ಕಟೆ ಬಂದದ, ಇರ್ಲಿ ಬಿಡು," ಎಂದ ಸೋಮೇಶ್ವರ. "ವಕ್ತ ಬಂದ್ರ ಕೆಲಸಕ್ಕ ಬರ್ತದ."

"ಎಂಟ ದಿನಕ್ಕ ಮುಗೀತದ. ಆಮ್ಯಾಲ ಪುಕ್ಕಟೆ ಯಾರ ಕೊಡ್ತಾರ?"

"ಎಲ್ಲಾರ ಮಕ್ಕಳೂ ಸಾಯ್ತಾವೇನು?"

ಗುರುಸಿದ್ಧಯ್ಯನವರು ಮೂಲೆಯಲ್ಲಿ ಕುಳಿತಿದ್ದರು. ಅವರು ಅಂದದ್ದು ಇಷ್ಟೇ: "ಈ ವರ್ಷ ನಾ ನಾಕ ಕೂಸಿಗಿ ಮಣ್ಣ ಕೊಟ್ಟೀನಿ ತಮ್ಮಾ. ನಾಕೂ ಮನ್ಯಾಗ ಈ ಬಾಟ್ಲಿ ನೋಡೀನಿ. ಮನಿಗಿ ಮನಿಗಿ ಹಣೀಬಾರಾ ಅಂತ ಹೇಳಿ ಬಂದೀನಿ." ಆಮೇಲೆ ಅವರು ಎದ್ದು ಹೊರಗೆ ಹೋದರಂತೆ.

ಬಾಜಾರದ ದಿನ ಬೆಳಿಗ್ಗೆ ಅಂಗಡಿಯ ಬಾಗಿಲ ಮೇಲೆ ದೊಡ್ಡ ಬ್ಯಾನರ್ ಏರಿತ್ತು. ಅದರಲ್ಲಿ ಬಸವೇಶ್ವರಿ. ಹೊಟ್ಟೆಯ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ರಿಬ್ಬನ್ನಿನ ಚೀಲ. ಬಾತ ಪಾದಗಳು ಬಾರದ ಹಾಗೆ ಫೋಟೋವನ್ನು ಮೊಣಕಾಲ ಮೇಲೆಯೇ ಕತ್ತರಿಸಿದ್ದರು. ಹಳ್ಳಿಗಳಿಂದ ಜೀಪು, ಬಸ್ಸು ತುಂಬಿ ಜನ ಬಂದಿದ್ದರು. ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗಿ ತಾಯಿಯ ಜೊತೆ ಬಂದು ಬಸವೇಶ್ವರಿಯನ್ನು ದಿಟ್ಟಿಸಿದಳು. "ಮ್ಯಾಲ ಫೋಟೋದಾಗ ಇರೋರು ನೀವೇ ಅಲ್ರಿ?" ಎಂದಳು. "ನಮಗೇನ ತಿಳೀತದ್ರಿ. ನೀವ ಏನ ತಗೊಂಡೀರಿ ಅದೇ ಕೊಡ್ರಿ." ಕಾಗದವನ್ನು ಬಿಚ್ಚದೆಯೇ ಅವಳ ಕೈಗೆ ಕೊಟ್ಟಳು.

ಬಸವೇಶ್ವರಿ ಸಾಮಾನು ತೆಗೆದಳು. ನಾಲ್ಕು ಝಬಲೆ, ಎರಡು ಕುಲಾಯಿ, ಒಂದು ದುಪಟಿ, ರಬ್ಬರ್ ಶೀಟು. "ಇಷ್ಟೇ ಸಾಕು. ಉಳದಿದ್ದಕ್ಕ ಹಳೀ ಧೋತ್ರ ಹರ್ಕೊಂಡು ಕುದಸಿ ಒಣಗಸ್ರಿ. ಮಿಕ್ಕ ರೊಕ್ಕಾ ಕಿರಾಣಿ ದುಕಾನಕ್ಕ ಒಯ್ರಿ. ಅಳವಿ, ಖಾರೀಕ, ಶೇಂಗಾ, ತುಪ್ಪಾ. ನೀವ ಉಂಡ್ರ ಕೂಸು ಉಂಡಂಗ. ಗಾಡಿ ಬಾಡಿಗಿಗಿ ಒಂದಿಷ್ಟ ಕಟ್ಟಿ ಇಡ್ರಿ."

"ಒಂಬತ್ತ?" ಎಂದಳು ಹುಡುಗಿಯ ತಾಯಿ. "ನರ್ಸಬಾಯಿ ಬೆರಳಿಟ್ಟ ತೋರಿಸ್ಯಾಳ."

"ಒಂಬತ್ತ ಬ್ಯಾಡ. ನಾ ತಗೊಂಡಿಲ್ಲ. ಮೊದಲ ತಗೊಂಡೀನಿ ಅಂತ ಹೇಳತಿದ್ದೆ, ಸುಳ್ಳ ಹೇಳತಿದ್ದೆ."

ಅಷ್ಟು ಹೇಳಿ ನಿಲ್ಲಲಿಲ್ಲ. ಪಕ್ಕದ ಗಿರಾಕಿಯ ಬುಟ್ಟಿಯಲ್ಲಿದ್ದ ಡಬ್ಬಿಯನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಅವಳ ಪಕ್ಕದವಳದೂ ತೆಗೆದಳು. "ಇದು ಬ್ಯಾಡ್ರಿ. ಇದರಿಂದ ಕೂಸು ಹೋಗ್ಯಾದ," ಎಂದು ಒಬ್ಬೊಬ್ಬರಿಗೂ ಅದೇ ದನಿಯಲ್ಲಿ ಹೇಳಿದಳು. ಐದು ಡಬ್ಬಿ ಕೌಂಟರಿನ ಮೇಲೆ ಬಂದವು. ಶೇಠರು ಗುಂಪನ್ನು ಸೀಳಿಕೊಂಡು ಬಂದು ಅವಳ ರೆಟ್ಟೆ ಹಿಡಿದರು. ಬಸುರಿಯ ಮೈ ಮುಟ್ಟಿದ್ದಕ್ಕೆ ಗಿರಾಕಿ ಹೆಂಗಸರು ಏನ್ರಿ ಇದು ಎಂದರು. ಶೇಠರು ಕೈ ಬಿಟ್ಟು, ಬಾಗಿಲ ಕಡೆ ತೋರಿಸಿದರು.

ಅವಳು ನೀಲಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ತನ್ನ ಫೋಟೋದ ಕೆಳಗಿನಿಂದಲೇ ಹೊರಗೆ ಹೋದಳು. ನಾನು ಹೋಗಲಿಲ್ಲ. ನಾನು ಆ ಐದು ಡಬ್ಬಿಗಳನ್ನು ಎತ್ತಿ ಮತ್ತೆ ಕಪಾಟಿನಲ್ಲಿಟ್ಟೆ. ಇದನ್ನೂ ಹೇಳಲೇಬೇಕು.

ಮರುದಿನ ಸೋಮೇಶ್ವರ ಸೆಟ್ಟನ್ನು ಹಿಂದಕ್ಕೆ ತಂದ. ಶೇಠರೇ ಹೇಳಿಕಳಿಸಿದ್ದರು. ಅವನು ಹೆಂಡತಿಯ ಮೇಲೆ ಸಿಟ್ಟಾಗಿಯೇ ಬಂದಿದ್ದ. ಹೇಗಾದರೂ ಕ್ಷಮೆ ಕೇಳಿ ಕೆಲಸ ಉಳಿಸಬೇಕೆಂದಿದ್ದ. ಶೇಠರು ಅವನನ್ನು ನಿಲ್ಲಿಸಿಕೊಂಡೇ ಝಬಲೆ, ಕುಲಾಯಿ ಒಂದೊಂದಾಗಿ ಎಣಿಸಿದರು. ಕಲೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಆ ತಿಂಗಳ ಪಗಾರ ಕೇಳಿದಾಗ, ಬ್ಯಾನರಿನ ಖರ್ಚು ಯಾರು ಕೊಡುತ್ತಾರೆ ಎಂದರು. ಸೋಮೇಶ್ವರ ಕ್ಷಮೆ ಕೇಳದೆಯೇ ಹೊರಟುಹೋದ. ಬ್ಯಾನರು ಮಾತ್ರ ಇಳಿಯಲಿಲ್ಲ.

ಬಸವೇಶ್ವರಿ ಅಲ್ಲಿಯತನಕ ತಪಾಸಣೆಗೆ ಹೋಗುತ್ತಿದ್ದ ಎದುರಿನ ಆಸ್ಪತ್ರೆಯವರೂ ಅವಳ ಫೈಲು ಕೈಗೆ ಕೊಟ್ಟು, ಹೆರಿಗೆಗೆ ಬೇರೆ ಕಡೆ ನೋಡಿಕೊಳ್ಳಿ ಎಂದರು. ಅವಳು ಸರಕಾರಿ ದವಾಖಾನೆಗೆ ಹೋಗಿ ಹೆಸರು ಬರೆಸಿದಳು. ಅಲ್ಲಿಯ ಸಿಸ್ಟರು ಬಿಪಿ ನೋಡಿ ಎರಡನೇ ಸಲ ನೋಡಿದರು. ಹೆಚ್ಚಾಗಿದೆ, ಎಡಕ್ಕೆ ಮಲಗಬೇಕು, ಬಿಸಿಲಿಗೆ ಹೋಗಬಾರದು, ತಲೆನೋವು ಬಂದರೆ ಕಣ್ಣಿಗೆ ಕತ್ತಲೆ ಬಂದರೆ ತಡಮಾಡದೆ ಬರಬೇಕು ಎಂದರು. ಗುಳಿಗೆ ಕೊಟ್ಟರು.

ಅವಳು ಮಲಗಲಿಲ್ಲ. ಮಾವನನ್ನು ಕರೆದುಕೊಂಡು ಶೇವಂತಾಬಾಯಿಯ ಊರಿಗೆ ಹೋದಳು. ಅಯ್ಯನವರ ಸೊಸೆ ಬಂದಳೆಂದು ಮುದುಕಿ ರೂಢಿಯಂತೆ ಕಾಲಿಗೆ ನೀರು ತಂದಳಂತೆ. ಬಸವೇಶ್ವರಿ ಚೊಂಬು ಹಿಡಿದುಕೊಂಡು, "ನನ್ನ ಕಾಲ ಮುಟ್ಟಬ್ಯಾಡ್ರಿ. ನನ್ನ ಜೋಡಿ ಆ ದವಾಖಾನಿ ಮುಂದ ಬಂದ ಕೂಡ್ತೀರೇನು ಅಂತ ಕೇಳಲಾಕ ಬಂದೀನಿ," ಎಂದಳು. ಶುಭಾಂಗಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಹೋದಾಗಿನಿಂದ ಅವಳು ಯಾರೊಂದಿಗೂ ಮಾತಾಡಿರಲಿಲ್ಲ.

ಮುಂದಿನ ಬಾಜಾರದ ದಿನ ಬಸವೇಶ್ವರಿ, ಶೇವಂತಾಬಾಯಿ, ಶುಭಾಂಗಿ ಮೂವರೂ ಬಂದರು. ಆಸ್ಪತ್ರೆಯ ಗೇಟಿನ ಪಕ್ಕ, ಬೇವಿನ ಗಿಡದ ಕೆಳಗೆ ಗೋಣಿಚೀಲ ಹಾಸಿ ಕುಳಿತರು. ನಡುವೆ ಶುಭಾಂಗಿ, ತಲೆ ತಗ್ಗಿಸಿಕೊಂಡು. ಗುಲಾಬಿ ಕಾಗದ ಹಿಡಿದು ಹೊರಬಂದವರನ್ನು ಬಸವೇಶ್ವರಿ ಕರೆದು ಕೂಡಿಸಿ, ಏನು ಕೊಳ್ಳಬೇಕು ಏನು ಬೇಡ ಎಂದು ಹೇಳುತ್ತಿದ್ದಳು. ಕೆಲವರು ಕೇಳಿದರು. ಕೆಲವರು ಹುಚ್ಚಿ ಎಂದು ರಸ್ತೆ ದಾಟಿ, ಅವಳದೇ ಫೋಟೋದ ಕೆಳಗೆ ಒಳಹೊಕ್ಕರು.

ಶೇಠರು ಗಾಜಿನ ಹಿಂದಿನಿಂದ ನೋಡಿದರು. ಆಮೇಲೆ ನನ್ನನ್ನು ಕರೆದರು. "ಎರಡ ಬಕೀಟ ನೀರ ತಗೊಂಡ ಹೋಗಿ ಆ ಗಿಡದ ಬುಡಕ್ಕ ಚೆಲ್ಲು. ಧೂಳ ಬಾಳ ಆಗ್ಯಾದ."

ನಾನು ಚೆಲ್ಲಿದೆ. ಮೂವರೂ ಎದ್ದು ಗೋಣಿಚೀಲ ಜಾಡಿಸಿ ಒಣ ಜಾಗ ಹುಡುಕಿದರು. ಬಸವೇಶ್ವರಿ ಏಳುವಾಗ ಗಿಡ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ಗುಲಾಬಿ ಕಾಗದ ನಿಂತುಹೋಯಿತು. ಗೆದ್ದೆವು ಎಂದುಕೊಂಡರು. ಗೆದ್ದಿರಲಿಲ್ಲ. ಯಾದಿ ಈಗ ಮೊಬೈಲಿಗೆ ಬರತೊಡಗಿತ್ತು. ಆಸ್ಪತ್ರೆಯ ಹೆಸರಿಲ್ಲ, ಅಂಗಡಿಯ ಹೆಸರೂ ಇಲ್ಲ. ಒಂಬತ್ತರ ಮುಂದೆ ಅದೇ ಚುಕ್ಕಿಗಳು.

ಮತ್ತೊಂದು ಬಾಜಾರದ ದಿನ ಬಂತು. ಶೇಠರು ಮತ್ತೆ ಬಕೀಟು ತೋರಿಸಿದರು.

"ಇವತ್ತ ನನ್ನ ಕೈಲೆ ಆಗಂಗಿಲ್ರಿ ಶೇಠ," ಎಂದೆ.

"ಮತ್ತ ಮನಿಗಿ ಹೋಗು."

ಮನೆಗೆ ಹೋಗಲಿಲ್ಲ. ರಸ್ತೆ ದಾಟಿ ಗಿಡದ ಕೆಳಗೆ ಹೋದೆ. ಶೇವಂತಾಬಾಯಿ ಸರಿದು ಜಾಗ ಕೊಟ್ಟಳು. ಬಸವೇಶ್ವರಿಯ ಮುಖವೂ ಬಾತಿತ್ತು. ದಿನ ತುಂಬಲು ಇನ್ನೂ ಹದಿನೆಂಟು ದಿನ ಎಂದಳು. ತಲೆ ನೋಯುತ್ತದೆಯೇ ಎಂದು ಕೇಳಿದೆ. ಈ ಹೊತ್ತು ಮುಗಿಯಲಿ, ದವಾಖಾನೆಗೆ ಹೋಗೋಣ ಎಂದಳು.

ಅರ್ಧ ಗಂಟೆಯಲ್ಲಿ ಒಬ್ಬ ಪೊಲೀಸ ಮೋಟಾರ್ ಸೈಕಲ್ ಮೇಲೆ ಬಂದ. ಶೇಠರು ಫೋನ್ ಮಾಡಿದ್ದನ್ನು ನಾನು ಗಾಜಿನಲ್ಲಿ ನೋಡಿದ್ದೆ. "ಕಾಯ ವಿಕತಾ ಇಥಂ?" ಎಂದ. ಇಲ್ಲಿ ಏನು ಮಾರುತ್ತಿದ್ದೀರಿ ಎಂದು.

"ಏನೂ ಮಾರಾಂಗಿಲ್ರಿ ಸಾಹೇಬ," ಎಂದಳು ಶೇವಂತಾಬಾಯಿ.

ಅವನು ಲಾಠಿಯಿಂದ ಗೋಣಿಚೀಲದ ಅಂಚು ಎತ್ತಿ ನೋಡಿದ. ಅಷ್ಟರಲ್ಲಿ ಗೇಟಿನಿಂದ ಮೂವರು ಬಸುರಿಯರು ಹೊರಬಂದರು. ಮುಂದಿದ್ದವಳು ತೆಳ್ಳಗಿನ ಹುಡುಗಿ, ಕೈಯಲ್ಲಿ ಮೊಬೈಲು. ಪೊಲೀಸನನ್ನು ನೋಡಿ ಹಿಂಜರಿದಳು, ಆದರೂ ಬಂದಳು. ಬಸವೇಶ್ವರಿ ಮೊಬೈಲು ಇಸಿದುಕೊಂಡು ಯಾದಿಯ ಮೇಲೆ ಬೆರಳಾಡಿಸುತ್ತ, ಇದು ಬೇಕು, ಇದು ಬೇಡ ಎಂದು ಹೇಳಿದಳು. ಒಂಬತ್ತಕ್ಕೆ ಬಂದಾಗ ಆ ಹುಡುಗಿ ಕೇಳಿದಳು:

"ನನಗ ಹಾಲ ಬರ್ಲಿಲ್ಲಂದ್ರ?"

ಬಸವೇಶ್ವರಿ ಉತ್ತರ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಶುಭಾಂಗಿ ತಲೆ ಎತ್ತಿದಳು.

"ನನಗ ಬಂದಿತ್ತು," ಎಂದಳು.

ಬಹಳ ದಿನ ಮಾತಾಡದ ದನಿ, ಒಡೆದು ಬಂತು. ಶೇವಂತಾಬಾಯಿ ಸೊಸೆಯ ಕೈ ಹಿಡಿದಳು.

"ಮೂರನೇ ದಿನಕ್ಕ ಬಂತು. ಕುಬಸ ತೊಯ್ತಿತ್ತು. ಆದ್ರ ಅಷ್ಟೊತ್ತಿಗಿ ದವಾಖಾನಿಯವರು ಕೂಸಿಗಿ ಬಾಟ್ಲಿ ರೂಢಿ ಮಾಡಿದ್ರು. ನನ್ನ ಮೊಲಿ ಹಿಡೀಲಿಲ್ಲ. ನಿನ್ನ ಹಾಲು ತೆಳ್ಳಗ ಅದ, ಡಬ್ಬಿದೇ ಒಳ್ಳೇದು ಅಂದ್ರು. ನಾ ಖರೇ ಅಂದಕೊಂಡೆ. ಎದಿ ನೋಯ್ತದ ಅಂತ ಹಿಂಡಿ ಹಿಂಡಿ ಮೋರ್ಯಾಗ ಚೆಲ್ಲಿದೆ. ಇಪ್ಪತ್ತ ದಿನ ಚೆಲ್ಲಿದೆ. ಒಳಗ ನನ್ನ ಕೂಸು ನೀರ ಕುಡ್ಕೊಂಡು ಮಲಗಿತ್ತು."

ಪೊಲೀಸ ಲಾಠಿಯನ್ನು ಕಂಕುಳಲ್ಲಿ ಹಿಡಿದುಕೊಂಡು ನಿಂತಿದ್ದ. ಆಚೆ ಅಂಗಡಿಯ ಬಾಗಿಲಿಗೆ ಶೇಠರು ಬಂದು ನಿಂತಿದ್ದರು. ಪೊಲೀಸ ಅವರ ಕಡೆ ಒಮ್ಮೆ ನೋಡಿ, ನಮ್ಮ ಕಡೆ ತಿರುಗಿ, "ಚಲಾ, ಉಠಾ ಆತಾ," ಎಂದ. ಏಳಿ ಇನ್ನು ಎಂದು.

ಯಾರೂ ಏಳಲಿಲ್ಲ. ಆ ತೆಳ್ಳಗಿನ ಹುಡುಗಿ ಒಂದು ಕೈ ನೆಲಕ್ಕೆ ಊರಿ, ಹೊಟ್ಟೆ ಹಿಡಿದುಕೊಂಡು, ಶುಭಾಂಗಿಯ ಪಕ್ಕದಲ್ಲಿ ಕುಳಿತಳು. ಅವಳ ಹಿಂದಿದ್ದ ಇಬ್ಬರೂ ಕುಳಿತರು.